ಬಯಲು ರಾಕ್ ಉತ್ಸವ: ಮಧ್ಯಾಹ್ನವೇ ಹೋಗಬೇಕೇ, ಕೊನೆಯ ತಂಡಕ್ಕೆ ಹೋದರೆ ಸಾಕೇ?

ಬಸವನಗುಡಿ_ಬೇಸ್ (ಸೋಮವಾರ, ರಾತ್ರಿ 9.10)

ನಮ್ಮ ಐದು ಜನರ ಗುಂಪಿನಲ್ಲಿ ಜಗಳ ಹತ್ತಿದೆ, ತೀರ್ಪು ಕೊಡಿ. ಬೆಂಗಳೂರಿನ ಹೊರವಲಯದಲ್ಲಿ ನಡೆಯಲಿರುವ ಒಂದು ದಿನದ ಬಯಲು ರಾಕ್ ಉತ್ಸವಕ್ಕೆ ಟಿಕೆಟ್ ಕೊಂಡಾಗಿದೆ. ಗೇಟು ತೆರೆಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಒಂದು ಗಂಟೆಯಿಂದಲೇ ತಂಡಗಳು ನುಡಿಸಲು ಶುರು ಮಾಡುತ್ತವೆ. ನಾವು ಯಾರಿಗಾಗಿ ಟಿಕೆಟ್ ಕೊಂಡೆವೋ ಆ ತಂಡ ವೇದಿಕೆ ಹತ್ತುವುದು ರಾತ್ರಿ ಎಂಟಕ್ಕೆ.

ನನಗೂ ಇನ್ನೊಬ್ಬಳಿಗೂ ಗೇಟು ತೆರೆಯುವ ಹೊತ್ತಿಗೇ ಒಳಗಿರಬೇಕೆಂಬ ಆಸೆ. ಉಳಿದ ಮೂವರದು ಒಂದೇ ರಾಗ: ಏಳೂವರೆಗೆ ಹೋದರೆ ಸಾಕು, ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಲು ನಮಗೇನು ಹುಚ್ಚೇ, ಮೊದಲಿನ ತಂಡಗಳ ಹೆಸರನ್ನೇ ಕೇಳಿಲ್ಲ. ನಮ್ಮಲ್ಲಿ ಯಾರಿಗೂ ಈಗ ಇಪ್ಪತ್ತು ವರ್ಷವಲ್ಲ ಎಂಬುದೂ ನಿಜ. ಒಬ್ಬನಿಗೆ ಬೆನ್ನುನೋವು, ಒಬ್ಬಳಿಗೆ ಮನೆಯಲ್ಲಿ ಪುಟ್ಟ ಮಗು. ಇಡೀ ದಿನ ಕಳೆಯುವುದರಲ್ಲಿ ಅರ್ಥವಿದೆಯೇ? ಅನುಭವ ಇರುವವರು ಹೇಳಿ.


ಎಂಟು_ಗಂಟೆ (ಸೋಮವಾರ, ರಾತ್ರಿ 9.14)

ಅರ್ಥವಿಲ್ಲ. ಏಳೂವರೆಗೆ ಹೋಗಿ. ಮುಂದಿನ ಪ್ರಶ್ನೆ?


ಹಳೆಯ_ಕಪ್ಪಂಗಿ (ಸೋಮವಾರ, ರಾತ್ರಿ 10.02)

ಮೇಲಿನ ಉತ್ತರ ಚಿಕ್ಕದು, ಚೊಕ್ಕದು. ಸರಿ ಮಾತ್ರ ಅಲ್ಲ.

2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ನುಡಿಸಿದಾಗ ನಾನು ಅಲ್ಲಿದ್ದೆ. ಭಾರತದಲ್ಲಿ ಆ ತಂಡದ ಮೊದಲ ಪ್ರದರ್ಶನ ಅದು. ಅದರ ತೂಕ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಅಲ್ಲಿಯವರೆಗೆ ನಮ್ಮ ಪಾಲಿಗೆ ಆ ತಂಡವೆಂದರೆ ಕೈಯಿಂದ ಕೈಗೆ ದಾಟಿ ಸವೆದ ಕ್ಯಾಸೆಟ್ಟು, ಪಾದಚಾರಿ ಮಾರ್ಗದಲ್ಲಿ ಚೌಕಾಸಿ ಮಾಡಿ ಕೊಂಡ ನಕಲಿ ಕಪ್ಪಂಗಿ, ಅಷ್ಟೇ. ನನ್ನ ಮುಂದೆ ಸಾಲಿನಲ್ಲಿ ನಿಂತಿದ್ದವರು ಶಿಲ್ಲಾಂಗಿನಿಂದ ರೈಲಿನ ಮೇಲೆ ರೈಲು ಬದಲಾಯಿಸಿ ಬಂದಿದ್ದರು. ಅವರ ಮುಂದೆ ಚೆನ್ನೈನವರು. ನಮ್ಮ ಬಳಿ ಚಿತ್ರಾನ್ನದ ಡಬ್ಬಿ ಇತ್ತು, ಒಳಗೆ ಒಯ್ಯಲು ಬಿಡುವುದಿಲ್ಲವೆಂದು ಗೊತ್ತಾದಾಗ ಸಾಲಿನಲ್ಲೇ ಎಲ್ಲರೂ ಸೇರಿ ಅದನ್ನು ಮುಗಿಸಿದೆವು. ರಾತ್ರಿ ಮುಖ್ಯ ತಂಡ ಬಂದಾಗ ನನ್ನ ಎಡಬಲದಲ್ಲಿ ಹಾಡುತ್ತಿದ್ದವರು ಅಪರಿಚಿತರಾಗಿರಲಿಲ್ಲ, ಚಿತ್ರಾನ್ನ ತಿಂದವರೇ ಆಗಿದ್ದರು.

ಇನ್ನು 'ಹೆಸರೇ ಕೇಳಿರದ ತಂಡಗಳ' ವಿಚಾರ. ಮೇಡನ್‌ಗೂ ಮುಂಚೆ ಅಂದು ನುಡಿಸಿದವರು ದೆಹಲಿಯ ಪರಿಕ್ರಮ ಮತ್ತು ಲಾರೆನ್ ಹ್ಯಾರಿಸ್. ಲಾರೆನ್ ಅವರು ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅವರ ಮಗಳು. ಪರಿಕ್ರಮ 1991ರಿಂದ ನುಡಿಸುತ್ತಿದ್ದ ತಂಡ, ಗಿಟಾರಿನ ಪಕ್ಕದಲ್ಲಿ ಪಿಟೀಲನ್ನೂ ನಿಲ್ಲಿಸಿದವರು. ಅದೇ ವರ್ಷ ಬೇಸಿಗೆಯಲ್ಲಿ ಅವರು ಇಂಗ್ಲೆಂಡಿನ ಡೌನ್‌ಲೋಡ್ ಎಂಬ ರಾಕ್ ಉತ್ಸವದಲ್ಲಿ ನುಡಿಸಿ ಬಂದರು. ಏಳೂವರೆಗೆ ಬಂದವರು ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದರು.


ಎಂಟು_ಗಂಟೆ (ಸೋಮವಾರ, ರಾತ್ರಿ 10.20)

ಒಂದು ಪರಿಕ್ರಮಕ್ಕೆ ಎಷ್ಟು ಹೆಸರಿಲ್ಲದ ತಂಡಗಳು, ಅದನ್ನೂ ಹೇಳಿ. ಗಿಟಾರನ್ನು ಶ್ರುತಿ ಮಾಡುವುದರಲ್ಲೇ ಅರ್ಧ ಸಮಯ ಕಳೆದು, ಉಳಿದರ್ಧದಲ್ಲಿ 'ಬೆಂಗಳೂರು, ಹೇಗಿದ್ದೀರಿ' ಎಂದು ಕಿರುಚುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನು ಸಾಲಿನಲ್ಲಿ ಹುಟ್ಟುವ ಸ್ನೇಹ. ಒಮ್ಮೆ ಒಳಗೆ ಹೋದರೆ ಹೊರಗೆ ಬಿಡುವುದಿಲ್ಲ, ಬಿಟ್ಟರೆ ಮತ್ತೆ ಒಳಗೆ ಸೇರಿಸುವುದಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಯಾರೊಂದಿಗಾದರೂ ಸ್ನೇಹ ಆಗಿಯೇ ಆಗುತ್ತದೆ. ಅದನ್ನು ಉತ್ಸವದ ಮಹಿಮೆ ಎಂದು ಹೊಗಳಬೇಕಾಗಿಲ್ಲ.


ಧ್ವನಿಮೇಜು (ಮಂಗಳವಾರ, ಬೆಳಿಗ್ಗೆ 7.35)

ನಾನು ಇಂಥ ಕಾರ್ಯಕ್ರಮಗಳಲ್ಲಿ ಧ್ವನಿ ನಿಯಂತ್ರಣದ ಮೇಜಿನ ಹಿಂದೆ ಕೂರುವವನು. ಮೊದಲ ತಂಡಗಳು ಕೆಟ್ಟದಾಗಿ ಕೇಳಿಸುತ್ತವೆ ಎಂಬ ದೂರಿನಲ್ಲಿ ಹುರುಳಿದೆ, ಆದರೆ ತಪ್ಪು ಬಹುಮಟ್ಟಿಗೆ ಅವರದಲ್ಲ.

ಧ್ವನಿ ಪರೀಕ್ಷೆ ನಡೆಯುವುದು ತಲೆಕೆಳಗಾದ ಕ್ರಮದಲ್ಲಿ. ರಾತ್ರಿಯ ದೊಡ್ಡ ತಂಡ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬೇಕಾದಷ್ಟು ಹೊತ್ತು ತೆಗೆದುಕೊಂಡು, ಪ್ರತಿ ಡ್ರಮ್ಮಿನ ದನಿಯನ್ನೂ ಸರಿ ಮಾಡಿಕೊಂಡು ಹೋಗುತ್ತದೆ. ಅದಾದ ಮೇಲೆ ಅದರ ಹಿಂದಿನದು. ಗೇಟು ತೆರೆದ ಕೂಡಲೇ ನುಡಿಸಬೇಕಾದ ತಂಡದ ಸರದಿ ಬರುವುದು ಎಲ್ಲರ ಕೊನೆಗೆ, ಅವರ ವಾದ್ಯಗಳು ವೇದಿಕೆಯ ಮೇಲೆ ಹಾಗೆಯೇ ಉಳಿಯಲಿ ಎಂದು. ಆ ಹೊತ್ತಿಗೆ ಗೇಟಿನಲ್ಲಿ ಜನ ನಿಂತಿರುತ್ತಾರೆ, ಆಯೋಜಕರು ಗಡಿಯಾರ ತೋರಿಸುತ್ತಿರುತ್ತಾರೆ. ಹಲವೊಮ್ಮೆ ತಂತಿಗಳಲ್ಲಿ ದನಿ ಬರುತ್ತಿದೆಯೇ ಎಂದಷ್ಟೇ ನೋಡಿ ಶುರು ಮಾಡಿಸುತ್ತೇವೆ. ಮೊದಲ ಹಾಡು ಮುಗಿಯುವವರೆಗೂ ನಾವು ಹೊಂದಿಸುತ್ತಲೇ ಇರುತ್ತೇವೆ. ಮೂರನೆಯ ಹಾಡಿನ ಹೊತ್ತಿಗೆ ಕೇಳಿ, ಆಮೇಲೆ ತೀರ್ಪು ಕೊಡಿ. ದೀಪಗಳ ಸಹಾಯವೂ ಆ ಮಕ್ಕಳಿಗಿರುವುದಿಲ್ಲ. ಸುಡುಬಿಸಿಲಿನಲ್ಲಿ, ಅರ್ಧ ಖಾಲಿ ಮೈದಾನದ ಎದುರು ನುಡಿಸಿ ಜನರನ್ನು ಮುಂದಕ್ಕೆ ಎಳೆಯುವುದು ರಾತ್ರಿಯ ಕೆಲಸಕ್ಕಿಂತ ಕಷ್ಟ.

ಬೇಗ ಹೋಗುವುದರಿಂದ ಆಗುವ ನಿಜವಾದ ಲಾಭ ಬೇರೆ. ಮೈದಾನ ಖಾಲಿ ಇರುವಾಗ ಅದರಲ್ಲಿ ಒಂದು ಸುತ್ತು ನಡೆದು ಎಲ್ಲಿ ಹೇಗೆ ಕೇಳಿಸುತ್ತದೆ ಎಂದು ತಿಳಿದುಕೊಳ್ಳಬಹುದು. ತಡೆಬೇಲಿಗೆ ಅಂಟಿಕೊಂಡರೆ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅಲ್ಲಿ ನಿಮಗೆ ಸಿಗುವುದು ಡ್ರಮ್ಮಿನ ನೇರ ಪೆಟ್ಟು, ಗಿಟಾರಿನವರ ಆಂಪ್ಲಿಫೈಯರ್, ಮತ್ತು ಎದೆಗೆ ಗುದ್ದುವ ತಗ್ಗು ಸ್ವರಗಳು. ಎತ್ತರದಲ್ಲಿ ತೂಗುಹಾಕಿದ ಪೆಟ್ಟಿಗೆಗಳಿಂದ ಬರುವ ಹಾಡುಗಾರನ ದನಿ ನಿಮ್ಮ ತಲೆಯ ಮೇಲಿನಿಂದ ಹಾದುಹೋಗುತ್ತದೆ. ಮಾತು ಮಾತಾಗಿ ಕೇಳಬೇಕೆಂದರೆ ನಮ್ಮ ಮೇಜಿನ ಮುಂದೆ, ತುಸು ಪಕ್ಕಕ್ಕೆ ನಿಲ್ಲಿ. ನಾವು ಹೊಂದಿಸುವುದು ನಮ್ಮ ಕಿವಿಗೆ ಕೇಳಿದ ಹಾಗೆ, ಅಲ್ಲವೇ?

ದೊಡ್ಡ ಮೈದಾನದಲ್ಲಿ ಹಿಂದೆಲ್ಲೋ ಇನ್ನೊಂದು ಸಾಲು ಧ್ವನಿಪೆಟ್ಟಿಗೆಗಳ ಕಂಬಗಳಿರುತ್ತವೆ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುತ್ತದೆ. ಅಂದರೆ ನೂರು ಮೀಟರ್ ಹಿಂದೆ ನಿಂತವನಿಗೆ ವೇದಿಕೆಯ ದನಿ ತಲುಪುವುದು ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ. ಆ ಕಂಬಗಳನ್ನು ಅಷ್ಟೇ ತಡವಾಗಿ ನುಡಿಯುವಂತೆ ಹೊಂದಿಸುತ್ತೇವೆ. ಇಲ್ಲದಿದ್ದರೆ ಪ್ರತಿ ಪೆಟ್ಟೂ ಎರಡೆರಡು ಸಲ ಕೇಳುತ್ತದೆ. ಬೆನ್ನುನೋವಿನ ಗೆಳೆಯರಿಗೆ ಆ ಕಂಬಗಳ ಬಳಿಯ ಜಾಗ ಉತ್ತಮ. ದನಿ ಸ್ಪಷ್ಟ, ಗುಂಪು ವಿರಳ, ಕೂರಲು ಹುಲ್ಲು.


ಬಸವನಗುಡಿ_ಬೇಸ್ (ಮಂಗಳವಾರ, ಬೆಳಿಗ್ಗೆ 8.01)

ಹುಲ್ಲಿನ ಮಾತನ್ನು ಅವನಿಗೆ ಕಳುಹಿಸಿದ್ದೇನೆ. 'ಕುರ್ಚಿ ಇದೆಯೇ ಕೇಳು' ಎಂದು ಉತ್ತರ ಬಂದಿದೆ.


ಮುಂಗಾರು_ಮಿಂಚು (ಮಂಗಳವಾರ, ಬೆಳಿಗ್ಗೆ 11.48)

ಚರ್ಚೆಯಲ್ಲಿ ಯಾರೂ ಶೌಚಾಲಯದ ಮಾತೆತ್ತಿಲ್ಲ. ಹಾಗಾಗಿ ಇದುವರೆಗೆ ಬರೆದವರೆಲ್ಲ ಗಂಡಸರು ಎಂದು ತಿಳಿದುಕೊಂಡಿದ್ದೇನೆ.

ಹೆಣ್ಣುಮಕ್ಕಳಿಗೆ 'ಇಡೀ ದಿನ' ಎಂಬುದರ ಲೆಕ್ಕವೇ ಬೇರೆ. ಕೆಲವು ವರ್ಷಗಳ ಹಿಂದೆ ಒಂದು ಉತ್ಸವದಲ್ಲಿ (ಹೆಸರು ಬೇಡ, ಈಗ ಸುಧಾರಿಸಿದ್ದಾರೆ ಎಂದು ಕೇಳಿದ್ದೇನೆ) ಸಂಜೆ ಆರರ ಹೊತ್ತಿಗೆ ಹೆಂಗಸರ ಕಡೆ ನೀರು ನಿಂತಿತ್ತು, ದೀಪ ಇರಲಿಲ್ಲ, ಮೊಬೈಲಿನ ಬೆಳಕಿನಲ್ಲಿ ಒಬ್ಬರಿಗೊಬ್ಬರು ಕಾವಲು ನಿಂತೆವು. ಅದಕ್ಕೆ ಹೆದರಿ ನನ್ನ ಗೆಳತಿಯರು ಮಧ್ಯಾಹ್ನದಿಂದ ನೀರನ್ನೇ ಕುಡಿದಿರಲಿಲ್ಲ. ಏಳು ಗಂಟೆಗೆ ಅವರಲ್ಲಿ ಒಬ್ಬಳು ತಲೆಸುತ್ತಿ ಕುಸಿದಳು. ವೈದ್ಯಕೀಯ ಡೇರೆಯ ಹುಡುಗರು ಒಳ್ಳೆಯವರು, ಓಆರ್‌ಎಸ್ ಕುಡಿಸಿ ಕೂರಿಸಿದರು. ಅವಳು ಯಾವ ತಂಡಕ್ಕಾಗಿ ಮಂಗಳೂರಿನಿಂದ ಬಂದಿದ್ದಳೋ ಆ ತಂಡವನ್ನು ಡೇರೆಯ ಬಟ್ಟೆಯ ಆಚೆಯಿಂದ ಕೇಳಿದಳು.

ಆದರೂ ನನ್ನ ಮತ ಮಧ್ಯಾಹ್ನಕ್ಕೇ. ಬೆಳಕಿರುವಾಗ ಹೋದರೆ ಶೌಚಾಲಯ ಎಲ್ಲಿದೆ, ನೀರು ತುಂಬಿಸುವ ಜಾಗ ಎಲ್ಲಿದೆ, ವೈದ್ಯರ ಡೇರೆ ಎಲ್ಲಿದೆ, ಹೊರಬಾಗಿಲು ಎಷ್ಟಿವೆ ಎಂದು ನೋಡಿಕೊಳ್ಳಬಹುದು. ಕತ್ತಲಾದ ಮೇಲೆ ಬಂದವರಿಗೆ ಇದೊಂದೂ ಕಾಣುವುದಿಲ್ಲ. ಇನ್ನೊಂದು ವಿಷಯ, ಅಲ್ಲಿ ಮೊಬೈಲ್ ಸಂಪರ್ಕವನ್ನು ನಂಬಬೇಡಿ. ಸಾವಿರಾರು ಜನ ಒಂದೇ ಕಡೆ ಸೇರಿದಾಗ ಕರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. 'ತಪ್ಪಿಹೋದರೆ ಇಲ್ಲಿ ಸಿಗೋಣ' ಎಂದು ಒಂದು ಜಾಗವನ್ನು ಬೆಳಕಿನಲ್ಲೇ ಗುರುತು ಮಾಡಿಕೊಳ್ಳಿ. ಬೇಲಿಯ ಪಕ್ಕದ ಮರ ಆಗಬಹುದು. ಊಟದ ಮಳಿಗೆ ಬೇಡ, ರಾತ್ರಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.


ಸಾಗರದ_ಸವಾರ (ಮಂಗಳವಾರ, ಮಧ್ಯಾಹ್ನ 1.15)

ನಾನು ಜೀರೋ ಸಂಗೀತ ಉತ್ಸವಕ್ಕೆ ಹೋಗಿ ಬಂದವನು. ಅರುಣಾಚಲ ಪ್ರದೇಶದ ಜೀರೋ ಕಣಿವೆಯಲ್ಲಿ, ಅಪತಾನಿ ಜನರ ಭತ್ತದ ಗದ್ದೆಗಳ ನಡುವೆ, 2012ರಿಂದ ಈ ಉತ್ಸವ ನಡೆಯುತ್ತದೆ. ಸೆಪ್ಟೆಂಬರ್ ಕೊನೆಯ ಹೊತ್ತು. ವೇದಿಕೆ, ಮಳಿಗೆ, ಬೇಲಿ, ಬೆಂಚು ಎಲ್ಲವೂ ಬಿದಿರು. ಎರಡು ವೇದಿಕೆಗಳಿಗೆ ದೋನ್ಯಿ, ಪೋಲೋ ಎಂದು ಹೆಸರು, ಸೂರ್ಯ ಮತ್ತು ಚಂದ್ರ. ಹಗಲಿಗೊಂದು, ರಾತ್ರಿಗೊಂದು. ಆ ರಾಜ್ಯದೊಳಗೆ ಹೋಗಲು ಹೊರಗಿನವರಿಗೆ ಇನ್ನರ್ ಲೈನ್ ಪರವಾನಗಿ ಬೇಕು, ಮಳೆ ಬಂದರೆ ಗಂಬೂಟು ಬೇಕು.

ಅಲ್ಲಿ ಈ ಜಗಳವೇ ಇಲ್ಲ. ಎಂಟಕ್ಕೆ ಬರುತ್ತೇನೆ ಎನ್ನಲು ಎಲ್ಲಿಂದ ಬರುತ್ತೀರಿ? ಡೇರೆಯಲ್ಲೇ ಇರುತ್ತೀರಿ. ಹಗಲಿನ ವೇದಿಕೆಯ ಎದುರು ಹುಲ್ಲಿನ ಮೇಲೆ ಅಂಗಾತ ಮಲಗಿ, ಯಾರೆಂದು ಗೊತ್ತಿಲ್ಲದ ನಾಗಾಲ್ಯಾಂಡಿನ ತಂಡವೊಂದನ್ನು ಕೇಳಿ, ಹೆಸರು ಬರೆದುಕೊಂಡು ಎದ್ದೆ. ಈಗಲೂ ಕೇಳುತ್ತೇನೆ.

ನಮ್ಮ ಕಡೆ ಬಯಲಾಟ ನೋಡಿ ಬೆಳೆದವರಿಗೆ ಮೊದಲ ತಂಡಗಳ ಬೆಲೆ ಗೊತ್ತಿರಬೇಕು. ಪೂರ್ವರಂಗದಲ್ಲಿ ಕುಣಿಯುವ ಹುಡುಗನೇ ಮುಂದೆ ಪ್ರಸಂಗದಲ್ಲಿ ಅರ್ಜುನನಾಗುವುದು. ಅವನು ಹುಡುಗನಾಗಿದ್ದಾಗ ನೋಡಿದವರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ.


ಎಂಟು_ಗಂಟೆ (ಮಂಗಳವಾರ, ಮಧ್ಯಾಹ್ನ 1.40)

ಬಯಲಾಟದಲ್ಲಿ ಚಾಪೆ ಹಾಸಿ ಮಲಗಲು ಬಿಡುತ್ತಾರೆ, ಶೇಂಗಾ ಸಿಗುತ್ತದೆ, ಭಾಗವತರು ಎಬ್ಬಿಸುತ್ತಾರೆ. ಇಲ್ಲಿ ಚಾಪೆಯನ್ನು ಗೇಟಿನಲ್ಲೇ ಕಸಿದುಕೊಳ್ಳುತ್ತಾರೆ.


ಹ್ಯಾಂಬುರ್ಗ್_ಕನ್ನಡಿಗ (ಮಂಗಳವಾರ, ರಾತ್ರಿ 8.22)

ನಾನಿರುವ ಊರಿನಿಂದ ವಾಯವ್ಯಕ್ಕೆ ಒಂದೆರಡು ಗಂಟೆಯ ದಾರಿಯಲ್ಲಿ ವಾಕೆನ್ ಎಂಬ ಹಳ್ಳಿಯಿದೆ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. 1990ರಲ್ಲಿ ಅಲ್ಲಿನ ಇಬ್ಬರು ಗೆಳೆಯರು ಜಲ್ಲಿ ತೆಗೆದ ಹೊಂಡದಲ್ಲಿ ಆರು ತಂಡಗಳನ್ನು ಕರೆಸಿ ಮೆಟಲ್ ಉತ್ಸವ ನಡೆಸಿದರು, ಬಂದವರು ಸುಮಾರು 800 ಜನ. ಈಗ ಪ್ರತಿ ವರ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ಬಿಯರ್ ಸಾಗಿಸಲು ಲಾರಿಗಳು ಓಡಾಡಿ ಹೊಲ ಹಾಳಾಗುತ್ತದೆಂದು 2017ರಲ್ಲಿ ನೆಲದಡಿ ಕೊಳವೆಯನ್ನೇ ಹಾಕಿದರು.

ನನಗೆ ಅಲ್ಲಿ ಹಿಡಿಸಿದ್ದು ಊರಿನವರು. ಗಡ್ಡ, ಹಚ್ಚೆ, ಚರ್ಮದ ಜಾಕೆಟ್ಟಿನ ದೈತ್ಯರು ಸಾಲಾಗಿ ಬೇಕರಿಯಲ್ಲಿ ನಿಂತಿರುತ್ತಾರೆ, ಅಜ್ಜಿಯೊಬ್ಬರು ಅಂಗಳದಲ್ಲಿ ಮೇಜು ಹಾಕಿ ಕೇಕ್ ಮಾರುತ್ತಿರುತ್ತಾರೆ. ಊರಿನ ಅಗ್ನಿಶಾಮಕ ಸ್ವಯಂಸೇವಕರ ವಾದ್ಯತಂಡವೂ ಉತ್ಸವದಲ್ಲಿ ನುಡಿಸುತ್ತದೆ, ಹಿತ್ತಾಳೆಯ ಕಹಳೆಗಳೊಂದಿಗೆ. ಲೋಹಸಂಗೀತದ (ಹೆವಿ ಮೆಟಲ್) ಭಕ್ತರು ಅದಕ್ಕೂ ಅಷ್ಟೇ ಉತ್ಸಾಹದಿಂದ ಕುಣಿಯುತ್ತಾರೆ.

ಮಳೆ ಬಂದರೆ ಮಾತ್ರ ಎಲ್ಲವೂ ಕೆಸರು. 2023ರಲ್ಲಿ ಎಷ್ಟು ಮಳೆಯಾಯಿತೆಂದರೆ, ಟಿಕೆಟ್ ಇದ್ದವರನ್ನೂ ಒಳಗೆ ಬಿಡುವುದನ್ನು ಆಯೋಜಕರು ನಿಲ್ಲಿಸಬೇಕಾಯಿತು. ಸಿಕ್ಕಿಬಿದ್ದ ಕಾರುಗಳನ್ನು ರೈತರು ಟ್ರ್ಯಾಕ್ಟರ್ ಕಟ್ಟಿ ಎಳೆದರು. ಆ ವರ್ಷ ಒಳಗಿದ್ದವರು ಬೇಗ ಬಂದವರು. ಇದನ್ನು ಎಂಟು_ಗಂಟೆಯವರ ಗಮನಕ್ಕೆ ತರಲು ಬಯಸುತ್ತೇನೆ.

ಮತ್ತೊಂದು. ಬೆಂಗಳೂರಿನ ಕ್ರಿಪ್ಟೋಸ್ 2013ರಲ್ಲಿ ಇದೇ ವಾಕೆನ್‌ನಲ್ಲಿ ನುಡಿಸಿತು. 1998ರಲ್ಲಿ ಶುರುವಾದ ತಂಡ ಅದು. ಇಲ್ಲಿಗೆ ಬರುವ ಮುಂಚಿನ ವರ್ಷಗಳಲ್ಲೆಲ್ಲ ಅವರು ಬೆಂಗಳೂರಿನ ಎಷ್ಟು ಬಯಲುಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ನುಡಿಸಿರಬೇಡ? ನಮ್ಮ ರಘು ದೀಕ್ಷಿತ್ ಅವರ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋದಾಗಲೂ ಅಷ್ಟೇ, ಅವರನ್ನು ಕೇಳಲೆಂದೇ ಬಂದವರಿಗಿಂತ ಅಲ್ಲೇ ಮೊದಲು ಕೇಳಿದವರು ಹೆಚ್ಚಿರಬೇಕು. ಯಾವುದೋ ಡೇರೆಯ ಮುಂದೆ ಹಾದುಹೋಗುವಾಗ ನಿಂತು ಕೇಳುವುದಕ್ಕೆ ಮೊದಲು ಅಲ್ಲಿ ಇರಬೇಕಲ್ಲ.


ಜಯಮಹಲ್_ಕಿಟಕಿ (ಬುಧವಾರ, ಬೆಳಿಗ್ಗೆ 6.50)

ನಾನು ರಾಕ್ ಪ್ರಿಯನಲ್ಲ, ಹಿಂದೂಸ್ತಾನಿ ಕೇಳುವವನು. ಆದರೆ ಅರಮನೆ ಮೈದಾನದ ನೆರೆಯಲ್ಲಿ ಮನೆ ಇರುವುದರಿಂದ ಜಗತ್ತಿನ ದೊಡ್ಡ ತಂಡಗಳನ್ನೆಲ್ಲ ಟಿಕೆಟ್ ಇಲ್ಲದೆ ಕೇಳಿದ್ದೇನೆ, ಕೇಳಬೇಕೆಂದು ಕೇಳಿದ್ದಲ್ಲ. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್ 4ರಂದು ಬಂದಾಗ ಜೋರು ಮಳೆ. ಕಿಟಕಿ ಮುಚ್ಚಿದರೂ ಹಾಡು, ತೆರೆದರೆ ಹಾಡೂ ಎರಚಲೂ. ತೊಯ್ದು ತೊಪ್ಪೆಯಾದ ಹುಡುಗರು ರಾತ್ರಿ ರಸ್ತೆಯ ತುಂಬ ಹಾಡುತ್ತ ನಡೆದು ಹೋದರು. ನನ್ನ ಹೆಂಡತಿ 'ಪಾಪ, ಜ್ವರ ಬರುತ್ತದೆ' ಎಂದಳು. ನಾನು ಬೇರೆ ಏನೋ ಎಂದೆ.

ನಿಯಮ ಎಲ್ಲರಿಗೂ ಗೊತ್ತಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ವಸತಿ ಪ್ರದೇಶಕ್ಕೆ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಈ ಉತ್ಸವಗಳು ಈಗ ಊರಾಚೆಗೆ ಹೋಗಿರುವುದು ನನ್ನಂಥವರಿಗೆ ನೆಮ್ಮದಿಯ ಸಂಗತಿ. ಆ ಊರಾಚೆಯಲ್ಲೂ ಯಾರದೋ ಕಿಟಕಿ ಇದ್ದೇ ಇರುತ್ತದೆ.


ಧ್ವನಿಮೇಜು (ಬುಧವಾರ, ಬೆಳಿಗ್ಗೆ 7.20)

ಹಿರಿಯರು ಹೇಳಿದ್ದು ನಿಜ. ಅವರ ಸಂಕಟಕ್ಕೆ ಭೌತಶಾಸ್ತ್ರವೂ ಕಾರಣ. ಹಗಲಿನಲ್ಲಿ ನೆಲದ ಬಳಿಯ ಗಾಳಿ ಬಿಸಿಯಿರುತ್ತದೆ, ಶಬ್ದ ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ, ಅದೇ ಶಬ್ದ ಕೆಳಕ್ಕೆ ಬಾಗಿ ದೂರದ ಮನೆಗಳ ಮೇಲೆ ಬೀಳುತ್ತದೆ. ನಾವು ಗುಂಡಿ ತಿರುಗಿಸದಿದ್ದರೂ ರಾತ್ರಿ ಒಂಬತ್ತಕ್ಕೆ ನಿಮಗೆ ಹೆಚ್ಚು ಕೇಳಿಸುತ್ತದೆ. ತಗ್ಗು ಸ್ವರಗಳಂತೂ ಗೋಡೆಯನ್ನೂ ದಾಟುತ್ತವೆ.


ಮಗಳ_ಸಾರಥಿ (ಬುಧವಾರ, ಬೆಳಿಗ್ಗೆ 10.05)

ಹದಿನಾರು ವರ್ಷದ ಮಗಳನ್ನೂ ಅವಳ ಗೆಳತಿಯರನ್ನೂ ಇದೇ ಉತ್ಸವಕ್ಕೆ ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ಅವರು ಮಧ್ಯಾಹ್ನದಿಂದ ಇರುತ್ತಾರಂತೆ. ಕಿವಿಗೆ ಹಾನಿಯಾಗುವುದಿಲ್ಲವೇ? ಹತ್ತಿ ಇಟ್ಟುಕೊಂಡರೆ ಸಾಕೇ?


ಧ್ವನಿಮೇಜು (ಬುಧವಾರ, ಬೆಳಿಗ್ಗೆ 10.31)

ಹತ್ತಿಯಿಂದ ಏನೂ ಪ್ರಯೋಜನವಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ ಮೆದು ಫೋಮ್ ಬಿರಡೆಗಳು ಅಗ್ಗ. ಅದನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ಸೇರಿಸಿ, ಉಬ್ಬುವವರೆಗೆ ಬೆರಳಿನಿಂದ ಹಿಡಿದಿರಬೇಕು. ಸುಮ್ಮನೆ ತುರುಕಿದರೆ ಆಗುವುದಿಲ್ಲ. ಸಂಗೀತಗಾರರು ಬಳಸುವ ಶೋಧಕ ಇರುವ ಬಿರಡೆಗಳು ಸ್ವಲ್ಪ ದುಬಾರಿ, ಆದರೆ ದನಿ ಮಂಕಾಗದೆ ಬರಿ ಪ್ರಮಾಣ ಇಳಿಯುತ್ತದೆ.

ಲೆಕ್ಕ ಹೀಗಿದೆ. ಕೆಲಸದ ಜಾಗಗಳಿಗೆ ಅಮೆರಿಕದ ನಯೋಷ್ ಸಂಸ್ಥೆ ಸೂಚಿಸುವ ಮಿತಿ 85 ಡೆಸಿಬಲ್‌ನಲ್ಲಿ ಎಂಟು ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗಲೂ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್‌ಗೆ ಬಂದಾಗ ಉಳಿಯುವುದು ಹದಿನೈದು ನಿಮಿಷ. ರಾಕ್ ಮೈದಾನದ ಮುಂಭಾಗದಲ್ಲಿ 100 ಎನ್ನುವುದು ಸಾಮಾನ್ಯ. ಹಾಗಾಗಿ ಇಡೀ ದಿನ ಇರುವವರು ಬಿರಡೆ ಹಾಕಿಕೊಳ್ಳುವುದಷ್ಟೇ ಅಲ್ಲ, ಮಧ್ಯೆ ಮಧ್ಯೆ ಹಿಂದಕ್ಕೆ ಹೋಗಿ ಕಿವಿಗೆ ವಿಶ್ರಾಂತಿ ಕೊಡಬೇಕು. ಮರುದಿನವೂ ಕಿವಿಯಲ್ಲಿ 'ಕುಂಯ್' ಎನ್ನುತ್ತಿದ್ದರೆ ವೈದ್ಯರನ್ನು ಕಾಣಿ, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಡಿ. ನನ್ನ ವೃತ್ತಿಯಲ್ಲಿ ನಲವತ್ತಕ್ಕೇ ಕಿವಿ ಮಂದವಾದವರಿದ್ದಾರೆ.


ಹಳೆಯ_ಕಪ್ಪಂಗಿ (ಬುಧವಾರ, ಮಧ್ಯಾಹ್ನ 12.40)

ಮಗಳ_ಸಾರಥಿಯವರು ಕೇಳದ ಪ್ರಶ್ನೆಗೂ ಉತ್ತರ ಹೇಳುತ್ತೇನೆ, ನಿದ್ದೆ ಕೆಡಿಸಿಕೊಂಡಿರುವುದು ಅದರಿಂದಲೇ ಇರಬೇಕು. ಗುಂಪಿನ ನಡುವೆ ಬಿಡುವ ಖಾಲಿ ಜಾಗದಲ್ಲಿ ಹುಡುಗರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆದು ಕುಣಿಯುತ್ತಾರಲ್ಲ, ಆ ಪಿಟ್ ನೋಡುವವರಿಗೆ ಭಯಾನಕ. ಅದಕ್ಕೂ ಒಂದು ಶಿಸ್ತಿದೆ. ಯಾರಾದರೂ ಬಿದ್ದರೆ ಸುತ್ತಲಿನವರು ತಕ್ಷಣ ನಿಂತು ಎತ್ತುತ್ತಾರೆ. ಕನ್ನಡಕ ಬಿದ್ದರೆ ಕೈ ಮೇಲೆತ್ತಿ ಹಿಡಿಯುತ್ತಾರೆ. ಬೇಡವೆನಿಸಿದರೆ ಹತ್ತು ಹೆಜ್ಜೆ ಹಿಂದೆ ಸರಿದರೆ ಆಯಿತು.

ನಿಜವಾಗಿ ಹೆದರಬೇಕಾದದ್ದು ಪಿಟ್‌ಗೆ ಅಲ್ಲ, ಅಲುಗಾಡಲೂ ಆಗದ ದಟ್ಟಣೆಗೆ. ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ 2000ದ ಜೂನ್ 30ರಂದು ಅಮೆರಿಕದ ಪರ್ಲ್ ಜ್ಯಾಮ್ ತಂಡ ನುಡಿಸುತ್ತಿದ್ದಾಗ ಒಂಬತ್ತು ಯುವಕರು ಸತ್ತಿದ್ದು ಅಂಥ ಒತ್ತಡದಲ್ಲಿ. ನಮ್ಮ ಊರಿಗೆ ಬೇರೆ ಉದಾಹರಣೆ ಬೇಕಾಗಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಮಂದಿ ನೂಕುನುಗ್ಗಲಿನಲ್ಲಿ ತೀರಿಹೋದರು. ಅದು ಸಂಗೀತಕ್ಕೆ ಸೇರಿದ ಗುಂಪಲ್ಲ, ಆದರೆ ಗುಂಪಿನ ಸ್ವಭಾವ ಒಂದೇ. ಇಂಥಲ್ಲಿ ಬಹುತೇಕರು ಸಾಯುವುದು ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ, ನಿಂತಲ್ಲೇ ಉಸಿರುಗಟ್ಟಿ. ಒಂದು ಚದರ ಮೀಟರಿನಲ್ಲಿ ಐದಾರು ಜನ ಆದರೆಂದರೆ ನಿಮ್ಮ ಚಲನೆ ನಿಮ್ಮ ಕೈಯಲ್ಲಿರುವುದಿಲ್ಲ. ಮೈಗೆ ಎಲ್ಲ ಕಡೆಯಿಂದಲೂ ಯಾರೋ ತಾಗುತ್ತಿದ್ದಾರೆ ಅನ್ನಿಸಿದ ಕೂಡಲೇ, ನೆಚ್ಚಿನ ಹಾಡು ನಡೆಯುತ್ತಿದ್ದರೂ ಸರಿ, ಓರೆಯಾಗಿ ಅಂಚಿಗೆ ಸರಿಯಬೇಕು. ಕೈಗಳನ್ನು ಎದೆಯ ಮುಂದೆ ಮಡಚಿ ಜಾಗ ಉಳಿಸಿಕೊಳ್ಳಬೇಕು. ಬಿದ್ದ ವಸ್ತುವಿಗೆ ಬಗ್ಗಬಾರದು. ತಡವಾಗಿ ಬಂದು ಹಿಂದಿನಿಂದ ನುಗ್ಗುವವರು ಈ ದಟ್ಟಣೆಯನ್ನು ಹೆಚ್ಚಿಸುತ್ತಾರೆ ಎಂಬುದು ನನ್ನ ಅನುಭವ. ಮುಂದೆ ಏನಾಗುತ್ತಿದೆ ಎಂದು ಅವರಿಗೆ ಕಾಣುವುದಿಲ್ಲ.


ಎಂಟು_ಗಂಟೆ (ಬುಧವಾರ, ಮಧ್ಯಾಹ್ನ 12.58)

ಕೊನೆಯ ಮಾತು ನನಗೆ ಎಂದು ಅರ್ಥವಾಯಿತು. ನಾನು ನುಗ್ಗುವುದಿಲ್ಲ. ಹಿಂದಿನ ಕಂಬಗಳ ಬಳಿ ಕೈಕಟ್ಟಿ ನಿಲ್ಲುವವನು.

ಆದರೆ ಈ ಚರ್ಚೆಯಲ್ಲಿ ಒಂದು ಮಾತು ಯಾರೂ ಹೇಳುತ್ತಿಲ್ಲ. ಮಧ್ಯಾಹ್ನದ ಸುಖ ಎಲ್ಲರಿಗೂ ಸಿಗುವಂಥದ್ದಲ್ಲ. ಶನಿವಾರವೂ ಕೆಲಸ ಇರುವವರಿದ್ದಾರೆ, ನಾನು ಅವರಲ್ಲೊಬ್ಬ. ಅಂಗಡಿ ಮುಚ್ಚಿ, ಬಟ್ಟೆ ಬದಲಿಸಿ, ಬಸ್ ಹಿಡಿದು ಬರುವಷ್ಟರಲ್ಲಿ ಏಳೂವರೆ. ಒಳಗೆ ನೀರು, ಊಟ, ಎಲ್ಲಕ್ಕೂ ಹೊರಗಿನ ದರಕ್ಕಿಂತ ಹೆಚ್ಚು ಕೊಡಬೇಕು. ಎಂಟು ಗಂಟೆ ಒಳಗಿದ್ದರೆ ಟಿಕೆಟ್ಟಿನಷ್ಟೇ ಇನ್ನೊಂದು ಖರ್ಚು. ಬೇಗ ಬಾರದವನು ಸಂಗೀತಪ್ರೇಮಿಯೇ ಅಲ್ಲ ಎನ್ನುವ ಧಾಟಿ ನನಗೆ ಒಗ್ಗುವುದಿಲ್ಲ.


ಹಳೆಯ_ಕಪ್ಪಂಗಿ (ಬುಧವಾರ, ಮಧ್ಯಾಹ್ನ 1.30)

ನೀವು ಹೇಳಿದ್ದು ನ್ಯಾಯ. ಆದರೆ ಪ್ರಶ್ನೆ ಕೇಳಿದವರ ಗೆಳೆಯರಿಗೆ ಅಂಗಡಿ ಇಲ್ಲ, ಸೋಮಾರಿತನ ಇದೆ.

ಕಾಸಿನ ವಿಚಾರಕ್ಕೆ ಬಂದರೆ, 1996ರಿಂದ ಆಗಸ್ಟ್ 15ರ ಆಸುಪಾಸಿನಲ್ಲಿ ನಡೆದುಕೊಂಡು ಬಂದ ಫ್ರೀಡಂ ಜ್ಯಾಮ್ ಎಂಬ ಸಂಗೀತ ಉತ್ಸವಕ್ಕೆ ಟಿಕೆಟ್ಟೇ ಇರಲಿಲ್ಲ. ಬೆಂಗಳೂರಿನ ಎಷ್ಟೋ ತಂಡಗಳು ಮೊದಲು ದೊಡ್ಡ ವೇದಿಕೆ ಹತ್ತಿದ್ದು ಅಲ್ಲಿ. ನನ್ನ ಮಧ್ಯಾಹ್ನದ ಚಟ ಶುರುವಾದದ್ದೂ ಅಲ್ಲೇ, ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಮಾತ್ರ ಇದ್ದ ಕಾಲದಲ್ಲಿ.

ಕಾಯುವುದರ ಬಗ್ಗೆ ಇನ್ನೊಂದೇ ಮಾತು. 2011ರ ಅಕ್ಟೋಬರ್ 30, ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ. ಎರಡು ದಿನ ಮುಂಚೆ ಗುರುಗ್ರಾಮದ ಪ್ರದರ್ಶನ ಕೊನೆಯ ಗಳಿಗೆಯಲ್ಲಿ ನಿಂತುಹೋಗಿ, ಸಿಟ್ಟಿಗೆದ್ದ ಜನ ವೇದಿಕೆಗೆ ನುಗ್ಗಿದ್ದರು. ಬೆಂಗಳೂರಿನಲ್ಲಾದರೂ ನಡೆಯುತ್ತದೆಯೇ ಎಂಬ ಅಳುಕು ಎಲ್ಲರಿಗೂ. ನನ್ನ ಪಕ್ಕದಲ್ಲಿದ್ದ ಹುಡುಗ ಅಲ್ಲಿ ನಿರಾಶನಾಗಿ ಸಿಕ್ಕಿದ ವಿಮಾನ ಹತ್ತಿ ಇಲ್ಲಿಗೆ ಬಂದಿದ್ದ. ಸಂಜೆ ಯಾರೋ ಕೆಲಸಗಾರ ವೇದಿಕೆಗೆ ಬಂದು ಮೈಕಿನ ಕಂಬವನ್ನು ಒಂದು ಗೇಣು ಸರಿಸಿದರೆ ಇಡೀ ಮೈದಾನ ಚಪ್ಪಾಳೆ ತಟ್ಟುತ್ತಿತ್ತು. ಅವನು ನಾಚಿಕೊಂಡು ಕೈ ಬೀಸಿದ. ಎರಡನೆಯ ಸಲ ಬೇಕೆಂದೇ ಬಂದು ಇನ್ನೊಂದು ಗೇಣು ಸರಿಸಿದ. ಆ ರಾತ್ರಿಯ ಹಾಡುಗಳ ಕ್ರಮ ನನಗೆ ಮರೆತಿದೆ. ಅವನ ಮುಖ ನೆನಪಿದೆ.


ಬಸವನಗುಡಿ_ಬೇಸ್ (ಬುಧವಾರ, ರಾತ್ರಿ 9.45)

ಎಲ್ಲರ ಉತ್ತರಗಳನ್ನೂ ಗುಂಪಿನಲ್ಲಿ ಓದಿ ಹೇಳಿದೆ. ಕೊನೆಗೆ ಆದ ತೀರ್ಮಾನ: ನಾವಿಬ್ಬರು ಗೇಟು ತೆರೆಯುವಾಗ ಹೋಗುತ್ತೇವೆ. ಪುಟ್ಟ ಮಗುವಿನ ತಾಯಿ ಮಗುವನ್ನು ಮಲಗಿಸಿ ನಾಲ್ಕರ ಹೊತ್ತಿಗೆ ಹೊರಡುತ್ತಾಳೆ. ಉಳಿದಿಬ್ಬರು ತಮಗೆ ಬೇಕಾದಾಗ. ಸೇರುವ ಜಾಗ ಬೇಲಿಯ ಬಳಿಯ ಮರ. ಮರ ಇದೆಯೋ ಇಲ್ಲವೋ ಹೋದ ಮೇಲೆ ಗೊತ್ತಾಗಬೇಕು.

ಈಗ ಹೊಸ ತಕರಾರು. ಕೊನೆಯ ಹಾಡಿಗೆ ಮುಂಚೆ ಹೊರಟರೆ ವಾಹನದಟ್ಟಣೆ ತಪ್ಪುತ್ತದೆಂದು ಒಬ್ಬ ಹೇಳುತ್ತಿದ್ದಾನೆ.


ಎಂಟು_ಗಂಟೆ (ಬುಧವಾರ, ರಾತ್ರಿ 9.52)

ಅವನು ಬುದ್ಧಿವಂತ. ತಂಡ ಒಮ್ಮೆ ಒಳಗೆ ಹೋಗಿ ಜನರ ಕೂಗಿಗೆ ಮತ್ತೆ ಬರುತ್ತದಲ್ಲ, ಆ ನಡುವಿನ ಎರಡು ನಿಮಿಷವೇ ಹೊರಡುವ ಮುಹೂರ್ತ. ನಾನು ಯಾವಾಗಲೂ ಹಾಗೆಯೇ ಮಾಡುವುದು. ಉಳಿದ ಹಾಡು ಪಾರ್ಕಿಂಗ್ ಜಾಗದಲ್ಲೂ ಕೇಳಿಸುತ್ತದೆ.


ಹಳೆಯ_ಕಪ್ಪಂಗಿ (ಬುಧವಾರ, ರಾತ್ರಿ 9.53)

ತಡವಾಗಿ ಬರುವುದು, ಬೇಗ ಹೋಗುವುದು. ಟಿಕೆಟ್ಟಿನ ಯಾವ ಭಾಗಕ್ಕೆ ನೀವು ಹಣ ಕೊಡುತ್ತೀರಿ?


ಮುಂಗಾರು_ಮಿಂಚು (ಬುಧವಾರ, ರಾತ್ರಿ 10.10)

ಎರಡೂ ಬೇಡ. ಕೊನೆಯ ಹಾಡು ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಮೈದಾನ ಖಾಲಿಯಾಗುತ್ತದೆ, ಗೇಟಿನ ನೂಕಾಟ ತಪ್ಪುತ್ತದೆ, ಹಸಿವಾಗಿದ್ದರೆ ಮಳಿಗೆಯವರು ಉಳಿದದ್ದನ್ನು ಕಡಿಮೆ ದರಕ್ಕೆ ಕೊಡುತ್ತಾರೆ.


ಬಸವನಗುಡಿ_ಬೇಸ್ (ಬುಧವಾರ, ರಾತ್ರಿ 10.18)

ನಮ್ಮ ಕಾರು ಬೆನ್ನುನೋವಿನವನದು. ಅವನು ಎದ್ದಾಗ ನಾವೂ ಏಳಬೇಕು. ಈ ಪ್ರಶ್ನೆಗೆ ಉತ್ತರ ಬೇಡ, ಕುರ್ಚಿ ಬಾಡಿಗೆಗೆ ಸಿಗುತ್ತದೆಯೇ ಹೇಳಿ.